ಹಿಮ ತೂರುವ ಮಷೀನು ಮತ್ತು ಎದುರುಮನೆಯ ಹನ್ನೊಂದು ಜನ

ನಮ್ಮೂರಿನಲ್ಲಿ ಹಿಮ ತೂರುವ ಮಷೀನು ಕೊಳ್ಳಲು ಹೋದವರನ್ನು ಅಂಗಡಿಯ ಮಸ್ತಾನ್ ಸಾಹೇಬರು ಮೊದಲು ಕೇಳುವುದು ಅಂಗಳದ ಅಳತೆಯನ್ನಲ್ಲ, ಹಿಮ ಎಷ್ಟು ಬೀಳುತ್ತದೆ ಎಂದೂ ಅಲ್ಲ. "ಎದುರುಮನೇಲಿ ಎಷ್ಟು ಜನ ಇದಾರೆ?" ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ, "ಚೆನ್ನಾಗಿ ಉಣ್ಣೋರಾ?" ಎಂದು ಎರಡನೆಯ ಪ್ರಶ್ನೆ ಹಾಕುತ್ತಾರೆ.

ನಾನೂ ಅಪ್ಪನೂ ಹೋದಾಗ ಉತ್ತರ ಕೊಡುವ ಕಷ್ಟ ನಮಗೆ ಬರಲಿಲ್ಲ. ಎದುರುಮನೆಯ ಯಜಮಾನರೇ ನಮ್ಮ ಜೊತೆಗೆ ಬಂದಿದ್ದರು. ಹೆಸರು ಗುರುಬಸಪ್ಪ. ಆಸ್ಪತ್ರೆಯಲ್ಲಿ ಕಂಪೌಂಡರಾಗಿ ರಿಟೈರಾದವರು. ನಾವು ಕರೆದಿರಲಿಲ್ಲ.

"ಹನ್ನೊಂದು ಜನ ಇದೀವಿ ಸಾಹೇಬ್ರೆ," ಎಂದರು ಅವರು. "ದೇವರ ದಯದಿಂದ ಎಲ್ಲರಿಗೂ ಹಸಿವು ಚೆನ್ನಾಗಿದೆ."

ಮಸ್ತಾನ್ ಸಾಹೇಬರು ಅಪ್ಪನ ಮುಖವನ್ನು ಕನಿಕರದಿಂದ ನೋಡಿದರು.

ನಮ್ಮೂರಿನಲ್ಲಿ ದೀಪಾವಳಿ ಕಳೆದ ಮೇಲೆ ಹಿಮ ಶುರುವಾಗುತ್ತದೆ, ಶಿವರಾತ್ರಿಗೆ ನಿಲ್ಲುತ್ತದೆ. ಊರ ನಾಕಾ ದಾಟಿದರೆ ಇಲ್ಲ. ನಾಕಾದ ಆಚೆ ಹೊಲದಲ್ಲಿ ಕಡಲೆಕಾಯಿ ಕೀಳುವವರು ತಲೆಗೆ ಟವೆಲು ಸುತ್ತಿಕೊಂಡು ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ಈಚೆ ಚಹಾ ಅಂಗಡಿಯವನು ಬೆಂಚಿನ ಮೇಲಿನ ಹಿಮ ಗುಡಿಸುತ್ತಿರುತ್ತಾನೆ. ಬಸ್ಸು ನಾಕಾ ಹತ್ತಿರ ಬರುತ್ತಲೇ ಕಂಡಕ್ಟರು "ಸ್ವೆಟರ್, ಸ್ವೆಟರ್" ಎಂದು ಕೂಗುತ್ತಾನೆ. ನಾನು ಕಾಲೇಜು ಓದಿದ ಊರಿನಲ್ಲಿ ವರ್ಷವೆಲ್ಲ ಫ್ಯಾನು ತಿರುಗುತ್ತದೆ. ಅಲ್ಲಿನ ಹಾಸ್ಟೆಲಿನ ಹುಡುಗಿಯರಿಗೆ ಒಮ್ಮೆ ನಮ್ಮೂರ ಹಿಮದ ವಿಷಯ ಹೇಳಿದೆ. ನಕ್ಕರು. ಮತ್ತೆ ಹೇಳಲಿಲ್ಲ. ಹಾಸ್ಟೆಲ್ ಲೈಬ್ರರಿಯಲ್ಲಿ ಹಿಮ ಬರುವ ಕಾದಂಬರಿಗಳು ಎಷ್ಟಿದ್ದವೋ ಅಷ್ಟನ್ನೂ ಓದಿದೆ. ಎಲ್ಲದರಲ್ಲೂ ಯಾರಾದರೂ ಕಿಟಕಿಯ ಪಕ್ಕ ಕೂತು ಹಿಮ ನೋಡುತ್ತ ನಿಟ್ಟುಸಿರು ಬಿಡುತ್ತಾರೆ. ಬೆಳಿಗ್ಗೆ ಎದ್ದು ಅದನ್ನು ಎತ್ತಿ ಹಾಕುವವರು ಯಾರು, ಎಲ್ಲಿಗೆ ಹಾಕುತ್ತಾರೆ ಎಂದು ಒಬ್ಬ ಲೇಖಕನೂ ಬರೆದಿಲ್ಲ.

ನಮ್ಮೂರಿನಲ್ಲಿ ಎಲ್ಲ ನಿಂತಿರುವುದೇ ಅದರ ಮೇಲೆ. ನಿಮ್ಮ ಅಂಗಳದ ಹಿಮ ಇನ್ನೊಬ್ಬರ ಅಂಗಳಕ್ಕೆ ಬಿದ್ದರೆ ಅವತ್ತು ಮಧ್ಯಾಹ್ನ ಆ ಮನೆಯವರಿಗೆಲ್ಲ ನಿಮ್ಮ ಮನೆಯಲ್ಲಿ ಊಟ. ಇದಕ್ಕೆ ಹಿಮದೂಟ ಎನ್ನುತ್ತಾರೆ. ಹಿಮ ಬಿದ್ದವರು ಒಂದು ಹಿಡಿ ಹಿಮವನ್ನು ತಟ್ಟೆಯಲ್ಲಿ ತಂದು ತೂರಿದವರ ಹೊಸ್ತಿಲ ಮೇಲಿಡುತ್ತಾರೆ. ಅದು ಕರಗುವುದರೊಳಗೆ ಒಲೆ ಹೊತ್ತಬೇಕು. ಬಡಿಸುವವರು ಮುಖ ಗಂಟಿಕ್ಕಬಾರದು. ಉಣ್ಣುವವರು ಉಪ್ಪು ಕಮ್ಮಿ, ಖಾರ ಜಾಸ್ತಿ ಎನ್ನಬಾರದು, ಎಲೆಯಲ್ಲಿ ಬಿಡಲೂಬಾರದು. ಹೆಂಗಸರು ಮಕ್ಕಳು ಏನಾದರೂ ನೆಪ ಹೇಳಿ ಉಳಿಯಬಹುದು, ಮನೆಯ ಯಜಮಾನ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. ತಪ್ಪಿಸಿಕೊಂಡ ಮನೆಗೆ ಬೀದಿಯವರು ಹೆಣ್ಣೂ ಕೊಡುವುದಿಲ್ಲ, ಹೆಪ್ಪೂ ಕೊಡುವುದಿಲ್ಲ. ಯಾರ ಅಂಗಳವೂ ಬೇಡ ಎಂದು ರಸ್ತೆಗೇ ತೂರಿದಿರೋ, ಪುರಸಭೆಯವರು ಬಂದು ಮನೆಯ ಫ್ಯೂಸು ಕಿತ್ತುಕೊಂಡು ಹೋಗುತ್ತಾರೆ.

ಫ್ಯೂಸು ಹೋದರೆ ನಮ್ಮ ಬದುಕೇ ನಿಂತಂತೆ. ನಮ್ಮದು ಹಿಟ್ಟಿನ ಗಿರಣಿ. ಮನೆಯ ಮುಂಭಾಗದಲ್ಲಿ ಗಿರಣಿ, ಅದರ ಪಕ್ಕಕ್ಕೆ ಬೀದಿ ಕಡೆ ಕಿಟಕಿಯಿರುವ ಅಡುಗೆಮನೆ, ಹಿಂಭಾಗದಲ್ಲಿ ನಾವು. ನಡೆಸುವವಳು ಅಮ್ಮ, ದಾಕ್ಷಾಯಣಿ. ಕಲ್ಲು, ಬೆಲ್ಟು, ಮೋಟರು ಎಲ್ಲ ಅವಳದೇ ಕಾರುಬಾರು. ಅಂಗಳದ ಹಿಮ ತೆಗೆದು ದಾರಿ ಮಾಡುವುದು, ಗಿರಾಕಿಗಳ ಡಬ್ಬ ಎತ್ತಿಕೊಡುವುದು ಅಪ್ಪನ ಪಾಲು. ಬೆಳಿಗ್ಗೆ ದಾರಿ ಬಯಲಾಗಿದ್ದರೆ ಹೆಂಗಸರು ರಾಗಿ ಗೋದಿ ತಂದು ಸಾಲಾಗಿ ಡಬ್ಬ ಇಡುತ್ತಾರೆ. ಮೊಣಕಾಲಷ್ಟು ಹಿಮ ಕಂಡರೆ ಹಾಗೇ ತಿರುಗಿ ಸ್ಟೇಷನ್ ರಸ್ತೆಯ ಮರಿಸ್ವಾಮಿಯ ಹೊಸ ಗಿರಣಿಗೆ ಹೋಗುತ್ತಾರೆ. ಹಿಟ್ಟಿನ ಗಿರಾಕಿ ಒಂದು ಚಳಿಗಾಲ ಬೇರೆ ಕಡೆ ಹೋದರೆ ಬೇಸಿಗೆಗೂ ಅಲ್ಲೇ. ಮರಿಸ್ವಾಮಿ ಆಗಲೇ ಎರಡು ಸಲ ಬಂದು, ನಮ್ಮ ಮೋಟರು ಕೊಡುತ್ತೀರಾ ಎಂದು ಕೇಳಿ ಹೋಗಿದ್ದ.

ಆ ವರ್ಷ ಆಷಾಢದಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಸಲಿಕೆ ಹಿಡಿದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಅದು ಸಾಲದು ಎಂಬಂತೆ, ನಾವು ಇಷ್ಟು ವರ್ಷ ಹಿಮ ಹೊತ್ತು ಹಾಕುತ್ತಿದ್ದ ಪಕ್ಕದ ಖಾಲಿ ಸೈಟಿನಲ್ಲಿ ಮನೆ ಎದ್ದಿತು. ಹಾಗಾಗಿ ಮಷೀನಿನ ಮಾತು ಬಂತು.

ಚಿಕ್ಕ ಮಷೀನು ಸಾಕು ಎಂದು ಅಮ್ಮನ ವಾದ. ಅದು ಹತ್ತಿರಕ್ಕೇ ತೂರುತ್ತದೆ. ನಮ್ಮ ಗೇಟಿನ ಮೂಲೆಯಲ್ಲೇ ಗುಡ್ಡೆ ಮಾಡಿದರೆ ಪುರಸಭೆಯ ಗಾಡಿ ಬಂದು ಒಯ್ಯುತ್ತದೆ. ಆದರೆ ಚಿಕ್ಕದನ್ನು ಎದೆ ಕೊಟ್ಟು ನೂಕಬೇಕು. ದೊಡ್ಡದು ತಾನೇ ಎಳೆದುಕೊಂಡು ಹೋಗುತ್ತದೆ, ಹಿಂದೆ ನಡೆದರೆ ಸಾಕು ಎಂದು ಅಪ್ಪನ ವಾದ. ಇಬ್ಬರ ಮಾತೂ ಸರಿಯಾಗಿತ್ತು. ಅದಕ್ಕೇ ಜಗಳ ಬೇಗ ಮುಗಿಯಲಿಲ್ಲ.

"ದೊಡ್ಡದು ಎದುರುಮನೆ ಅಂಗಳಕ್ಕೆ ತೂರಿದ್ರೆ?" ಎಂದಳು ಅಮ್ಮ.

"ತೂರಲ್ಲ ಕಣೇ. ಅಳತೆ ನೋಡಿಯೇ ತಗೊಳ್ಳೋದು."

ಅಮ್ಮ ನಮ್ಮ ಗೇಟಿನಿಂದ ಕಂಪೌಂಡರ ಕಾಂಪೌಂಡು ಗೋಡೆಯವರೆಗೆ ಒಂದು ಹಗ್ಗ ಹಿಡಿದು, ಗೋಡೆ ಮುಟ್ಟಿದಲ್ಲಿ ಗಂಟು ಹಾಕಿ, ಸುತ್ತಿ ನನ್ನ ಕೈಗೆ ಕೊಟ್ಟಳು. "ವಿನುತಾ, ನಿಮ್ಮಪ್ಪನ ಬಾಯಿ ನೋಡ್ಬೇಡ, ಈ ಗಂಟು ನೋಡು," ಎಂದಳು. ಹಗ್ಗ ಹಿಡಿದು ನಾನೂ ಅಪ್ಪನೂ ಬೀದಿಗಿಳಿದಾಗ, ಗೇಟಿನಲ್ಲೇ ಕಾದಿದ್ದ ಕಂಪೌಂಡರು ಹೆಗಲ ಮೇಲೆ ಒಂದು ಚೀಲ ಹೊತ್ತು ಜೊತೆಯಾದರು. ಅದರಲ್ಲಿ ಕಡಲೆಕಾಯಿ ಸಿಪ್ಪೆ ಇತ್ತು.

ಸಿಪ್ಪೆ ಯಾಕೆ ಎಂದರೆ, ಮಷೀನು ಕೊಳ್ಳುವ ಕಾಲದಲ್ಲಿ ಇನ್ನೂ ಹಿಮ ಬಿದ್ದಿರುವುದಿಲ್ಲ. ಹಿಮ ಬಿದ್ದ ಮೇಲೆ ಕೊಳ್ಳಲು ಹೋದರೆ ಅಂಗಡಿಯಲ್ಲಿ ಮಷೀನು ಉಳಿದಿರುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಸಿಪ್ಪೆ ತೂರಿಸಿ ನೋಡುವುದೇ ಪದ್ಧತಿ. ಅಂಗಡಿಯ ಹಿಂದಿನ ಬಯಲಿನಲ್ಲಿ ಮಸ್ತಾನ್ ಸಾಹೇಬರು ದೊಡ್ಡ ಮಷೀನನ್ನು ಹೊರಗೆಳೆದು ನಿಲ್ಲಿಸಿದರು. ಕೆಂಪು ಬಣ್ಣ, ಮುಂದೆ ಸುರುಳಿ ಹಲ್ಲು, ಮೇಲೆ ಹಿಮ ಉಗುಳುವ ಬಾಗಿದ ಕೊಳವೆ. ಅದಕ್ಕೆ ನಮ್ಮಲ್ಲಿ ಸೊಂಡಿಲು ಎನ್ನುತ್ತಾರೆ. ಕಂಪೌಂಡರು ತಾವೇ ಸಿಪ್ಪೆ ಸುರಿದರು. ಮಷೀನು ಗುಡುಗಿತು. ಸಿಪ್ಪೆ ಸೊಂಡಿಲಿನಿಂದ ಭುಸ್ಸನೆ ಮೇಲೆದ್ದು, ಗಾಳಿಯಲ್ಲಿ ಸೋತು, ಸ್ವಲ್ಪ ದೂರದಲ್ಲೇ ಉದುರಿತು. ನಾನು ಹಗ್ಗ ಬಿಡಿಸಿ ಹಿಡಿದೆ. ಗಂಟಿನವರೆಗಿನ ಅರ್ಧ ದೂರಕ್ಕೂ ಬಂದಿರಲಿಲ್ಲ.

"ನೋಡಿದ್ಯಾ?" ಎಂದ ಅಪ್ಪ, ಮಷೀನನ್ನು ತಾನೇ ಮಾಡಿದವನಂತೆ.

"ಸಿಪ್ಪೆ ಹಗುರ," ಎಂದರು ಮಸ್ತಾನ್ ಸಾಹೇಬರು. "ಹಿಮ ಇನ್ನೂ ಸ್ವಲ್ಪ ಮುಂದೆ ಹೋಗುತ್ತೆ."

"ಸ್ವಲ್ಪ ಅಂದ್ರೆ ಎಷ್ಟು?" ಎಂದು ನಾನು ಕೇಳಿದೆ.

"ಒಂದು ಗೇಣು," ಎಂದರು ಕಂಪೌಂಡರು, ಸಾಹೇಬರು ಬಾಯಿ ತೆರೆಯುವ ಮೊದಲೇ. "ಹೆಚ್ಚು ಅಂದ್ರೆ ಒಂದು ಮೊಳ ಅನ್ನು. ನಾನು ಇವನ ಎದುರುಮನೆಯವನು ಮಗಾ, ನನಗಿಲ್ಲದ ಯೋಚನೆ ನಿನಗ್ಯಾಕೆ?"

ಸಾಹೇಬರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಹಿಮ ಮುಟ್ಟಿದ ಮಷೀನನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಅಪ್ಪ ಅದನ್ನು ಗಟ್ಟಿಯಾಗಿ ಓದಿ, ತಲೆಯಾಡಿಸಿ, ದೊಡ್ಡದನ್ನೇ ಕೊಂಡ. ಮನೆಯವರೆಗೂ ಕಂಪೌಂಡರು ಅದರ ಒಂದು ಹಿಡಿಕೆಗೆ ಕೈ ಹಾಕಿ ಬಂದರು.

ಆ ವರ್ಷದ ಮೊದಲ ಹಿಮ ಒದ್ದೆ ಹಿಮ. ರಾತ್ರಿಯೆಲ್ಲ ಬಿದ್ದು ಬೆಳಗಿನ ಹೊತ್ತಿಗೆ ಅಂಗಳ ಮೆಟ್ಟಿಲಿನ ಸಮಕ್ಕೆ ತುಂಬಿತ್ತು. ಅಪ್ಪ ಮಫ್ಲರು ಕಟ್ಟಿಕೊಂಡು ಮಷೀನು ಶುರುಮಾಡಿದ. ಅದು ಗಡ್ಡೆಗಡ್ಡೆ ಹಿಮವನ್ನು ನುಂಗಿ ಸೊಂಡಿಲಿನಿಂದ ಬಿಟ್ಟಿತು. ಹಿಮ ನಮ್ಮ ಗೇಟು ದಾಟಿತು. ರಸ್ತೆ ದಾಟಿತು. ಎದುರಿನ ಕಾಂಪೌಂಡು ಗೋಡೆ ದಾಟಿ, ಅಂಗಳದ ನಟ್ಟನಡುವೆ ದೊಪ್ಪನೆ ಬಿತ್ತು. ಕಂಪೌಂಡರು ಜಗಲಿಯ ಮೇಲೆ ತಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಅವತ್ತು ಮಧ್ಯಾಹ್ನ ಹನ್ನೊಂದು ಜನ ಸಾಲಾಗಿ ಬಂದು ಕೂತರು. ಕಂಪೌಂಡರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅಮ್ಮ ನಗುನಗುತ್ತ ಬಡಿಸಿದಳು. ಮಾರನೆಯ ದಿನ ಸೊಂಡಿಲನ್ನು ಕೆಳಕ್ಕೆ ಬಗ್ಗಿಸಿ ತೂರಿದೆವು. ಒದ್ದೆ ಹಿಮ ಕೊಳವೆಯಲ್ಲಿ ಕಚ್ಚಿಕೊಂಡು ಮಷೀನು ನಿಂತಿತು. ಪೊರಕೆಯ ಹಿಡಿಯಿಂದ ತಿವಿದು ತಿವಿದು ತೆಗೆಯುವ ಹೊತ್ತಿಗೆ, ಡಬ್ಬ ಹಿಡಿದು ಬಂದವರೆಲ್ಲ ಸ್ಟೇಷನ್ ರಸ್ತೆಯ ದಾರಿ ಹಿಡಿದಿದ್ದರು. ಹಾಗಾಗಿ ಮೂರನೆಯ ದಿನ ಮತ್ತೆ ಸೊಂಡಿಲು ಎತ್ತಿದೆವು. ಮತ್ತೆ ಹನ್ನೊಂದು ಎಲೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗಿರಣಿಗೆ ಜೋರು ಕೆಲಸ. ಅಡುಗೆಗೂ ಅದೇ ಹೊತ್ತು. ಅಮ್ಮ ಒಂದು ಕಾಲು ಗಿರಣಿಯಲ್ಲಿ, ಒಂದು ಕಾಲು ಒಲೆಯ ಮುಂದೆ. ನಾನು ತರಕಾರಿ ಹೆಚ್ಚಿಕೊಟ್ಟೆ, ಪಾತ್ರೆ ತೊಳೆದೆ, ಡಬ್ಬ ಎತ್ತಿದೆ. ಗಿರಣಿ ನಡೆಸಲು ನನಗೆ ಬರುವುದಿಲ್ಲ. ಅಪ್ಪ ಮಷೀನು ನಿಲ್ಲಿಸಿದ ಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕೂತು, ಹಿಮದ ತೂಕದ ಬಗ್ಗೆ ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ವಾರ ಹೀಗೆ ನಡೆಯಿತು. ಕೊನೆಗೆ ಒಂದು ದಿನ ಕುಕ್ಕರು ಕೂಗಿತೆಂದು ಅಮ್ಮ ಒಳಗೋಡಿದಳು. ವಾಪಸು ಬಂದ ಅವಸರದಲ್ಲಿ, ಮೆಣಸಿನಕಾಯಿ ಬೀಸಿದ ಕಲ್ಲಿಗೇ ಒಬ್ಬಾಕೆಯ ಗೋದಿ ಸುರಿದಳು. ಸಂಜೆ ಆ ಹೆಂಗಸು ಹಿಟ್ಟಿನ ಡಬ್ಬದ ಜೊತೆಗೆ, ಚಪಾತಿ ತಿಂದು ಕಣ್ಣುಮೂಗು ಕೆಂಪಾದ ಗಂಡನನ್ನೂ ಕರೆದುಕೊಂಡು ಬಂದಳು. ಬೀದಿಯೆಲ್ಲ ನಿಂತು ನೋಡಿತು.

ಅವರು ಹೋದ ಮೇಲೆ ಅಮ್ಮ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಅಳಲಿಲ್ಲ. "ಮರಿಸ್ವಾಮಿಗೆ ಹೇಳಿ ಕಳಿಸಿ. ಭಾನುವಾರ ಬಂದು ಮೋಟರು ಬಿಚ್ಚಿಕೊಂಡು ಹೋಗಲಿ," ಎಂದಳು.

ಅಪ್ಪ ಹೋಗಿ ಮೋಟರಿನ ಮೇಲೆ ಒಂದು ಹಳೆ ಗೋಣಿ ಹೊದಿಸಿದ. ಅದನ್ನು ನೋಡಿ, ಅಮ್ಮ ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ನಾನು ಜಗಳ ಆಡಲೆಂದೇ ಎದುರುಮನೆಗೆ ಹೋದೆ. ಕಂಪೌಂಡರು ಸ್ನಾನದಲ್ಲಿದ್ದರು. ಹಿರಿಸೊಸೆ ಕಾತ್ಯಾಯಿನಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಳು. ತಲೆಯನ್ನೂ ಬಾಚಿರಲಿಲ್ಲ. ನಮ್ಮ ಹಿಮ ಅವಳ ಮುಂದೆ ಗುಡ್ಡವಾಗಿ ಬಿದ್ದಿತ್ತು.

"ಕಾತ್ಯಕ್ಕ, ನಾಚಿಕೆ ಆಗಲ್ವಾ ನಿಮ್ಮ ಮನೆಯವರಿಗೆ? ದಿನಾ ದಿನಾ ಬರ್ತೀರಲ್ಲ?"

"ಆಗುತ್ತೆ," ಎಂದಳು ಅವಳು, ಇನ್ನೊಂದು ಗುಟುಕು ಕುಡಿದು. "ಆದ್ರೆ ಏನ್ ಗೊತ್ತಾ ವಿನೂ, ಈ ಮನೆಗೆ ಬಂದಮೇಲೆ ನಾನು ಕಾಫೀನ ಕೂತು ಕುಡಿದದ್ದು ಈ ವಾರವೇ. ಇಷ್ಟು ದಿನ ಒಲೆ ಮುಂದೆ ನಿಂತೇ ಕುಡೀತಿದ್ದೆ. ಕೂತು ಕುಡಿದ್ರೆ ರುಚಿನೇ ಬೇರೆ ಕಣೇ."

"ಈಗ ನಮ್ಮಮ್ಮ ನಿಂತು ಕುಡೀತಾಳೆ. ಭಾನುವಾರ ಗಿರಣಿ ಮುಚ್ತಾಳೆ."

ಕಾತ್ಯಾಯಿನಿ ಲೋಟ ಕೆಳಗಿಟ್ಟಳು. ಅವಳಿಗೆ ನಿಜವಾಗಿ ಬೇಜಾರಾಯಿತು. ಆದರೆ ಎದ್ದು ನಿಲ್ಲುವಷ್ಟಲ್ಲ. "ನಿಮ್ಮಮ್ಮನೇ ಯಾಕೆ ಅಡುಗೆ ಮಾಡ್ಬೇಕು? ತೂರಿದ ಮನೆಯವರು ಮಾಡ್ಬೇಕು ಅಂತ ತಾನೇ ಕಟ್ಟಳೆ? ಮಷೀನು ಹಿಡಿಯೋರು ಯಾರು?"

ನಾನು ನೇರವಾಗಿ ಮನೆಗೆ ಬಂದೆ. ಅಪ್ಪ ಬೆಂಚಿನ ಮೇಲೆ ಕೂತಿದ್ದ.

"ಅಪ್ಪ, ಇವತ್ತಿಂದ ನೀನು ಅಡುಗೆ ಮಾಡು."

ಅವನು ಹಿಂದೆ ತಿರುಗಿ ನೋಡಿದ, ಇನ್ಯಾರಿಗೋ ಹೇಳಿದೆನೇನೋ ಎಂದು. "ನನಗೆ ಚಹಾ ಬಿಟ್ಟು ಏನೂ ಬರಲ್ಲವಲ್ಲೇ."

"ಚಹಾನೂ ಬರಲ್ಲ."

"ನನಗೆ ಆಪರೇಷನ್ ಆಗಿದೆ."

"ಸೌಟು ಹಿಡೀಬಾರದು ಅಂತ ಡಾಕ್ಟರು ಹೇಳಿಲ್ಲ. ಭಾರದ ಪಾತ್ರೆ ನಾನು ಎತ್ತಿ ಇಳಿಸ್ತೀನಿ."

"ಗಂಡಸು ಮಾಡಿದ ಅಡುಗೆ ಅಂತ ಜನ ಏನಂತಾರೆ?"

"ಏನೂ ಅನ್ನೋ ಹಾಗಿಲ್ಲ. ಹಿಮದೂಟ ಅದು."

ಅಪ್ಪ ಈ ಮಾತನ್ನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖದಲ್ಲಿ ಒಂದು ಬೆಳಕು ಬಂತು. ಒಳ್ಳೆಯತನದ ಬೆಳಕೇನೂ ಅಲ್ಲ. "ಎಲೆಯಲ್ಲಿ ಬಿಡೋ ಹಾಗೂ ಇಲ್ಲ, ಅಲ್ವಾ?" ಎಂದ.

ಗಿರಣಿಯೊಳಗಿಂದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಕಲ್ಲಿನ ಬಳಿಗೆ ಹೋಗಿ ಬೆಲ್ಟು ಏರಿಸಿದಳು. ಭಾನುವಾರದ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅವತ್ತು ಅಪ್ಪ ಮುದ್ದೆ ಮತ್ತು ಬೇಳೆಸಾರು ಮಾಡಿದ. ಸಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ನಿಂತಿದ್ದವು. ಮುದ್ದೆಯ ತುಂಬ ಹಸಿಹಿಟ್ಟಿನ ಗಂಟು. ಮುದ್ದೆ ನುಂಗುವ ಪದಾರ್ಥ. ಅವತ್ತು ಕಂಪೌಂಡರು ಅಗಿದರು. ಅವರ ದವಡೆ ಒಂದು ಪಕ್ಕಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಮತ್ತೆ ನಿಧಾನಕ್ಕೆ ಈಚೆ ಬರುತ್ತಿತ್ತು. ಅಪ್ಪ ಸೌಟು ಹಿಡಿದು ಎದುರಿಗೇ ಕುಕ್ಕರಗಾಲಿನಲ್ಲಿ ಕೂತ.

"ಹೇಗಿದೆ ಕಂಪೌಂಡರ್ ಸಾಹೇಬ್ರೆ?"

ಕಂಪೌಂಡರು ಬಹಳ ಹೊತ್ತು ಮಾತು ಹುಡುಕಿದರು. "ಬಿಸಿಯಾಗಿದೆ," ಎಂದರು.

"ಇನ್ನೊಂದು ಹಾಕ್ಲಾ?"

"ಬೇಡ ಪಂಚಾಕ್ಷರಿ. ಹೊಟ್ಟೆ ತುಂಬ್ತು. ತುಂಬಾ ತುಂಬ್ತು."

ಮೊಮ್ಮಕ್ಕಳು ಮುದ್ದೆಯನ್ನು ಗೋಲಿ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದವು. ಅಮ್ಮ ಗಿರಣಿಯ ಬಾಗಿಲಿನಲ್ಲಿ ನಿಂತು ಇಣುಕಿ, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಒಳಗೆ ಹೋದಳು. ಅವಳು ನಿಜವಾಗಿ ನಕ್ಕದ್ದನ್ನು ಆ ವಾರದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಮೊಮ್ಮಕ್ಕಳು ಬರಲಿಲ್ಲ, ನೆಗಡಿಯಂತೆ. ಅದರ ಮಾರನೆಯ ದಿನ ಗಂಡುಮಕ್ಕಳಿಗೆ ಪರಸ್ಥಳದಲ್ಲಿ ಕೆಲಸ ಬಂತು. ಒಂದೊಂದೇ ಎಲೆ ಕಮ್ಮಿಯಾಗಿ, ಕೊನೆಗೆ ಕಂಪೌಂಡರು ಒಬ್ಬರೇ ಬಂದು ಕೂರತೊಡಗಿದರು. ಅವರಿಗೆ ನೆಗಡಿ ಬರುವ ಹಾಗಿರಲಿಲ್ಲ. ಅಪ್ಪ ಮಾತ್ರ ದಿನಾ ಪೂರ್ತಿ ಅಡುಗೆ ಮಾಡುತ್ತಿದ್ದ. ಮಿಕ್ಕಿದ್ದನ್ನು ಕಂಪೌಂಡರೇ ಮುಗಿಸಬೇಕು ಎಂದು ಕಟ್ಟಳೆಯಲ್ಲಿಲ್ಲ. ಹಾಗಂತ ಅಪ್ಪ ಅವರಿಗೆ ಹೇಳಲಿಲ್ಲ.

ಇದು ಹೀಗೇ ನಡೆದರೆ ತನ್ನ ಕಾಫಿಗೆ ಕುತ್ತು ಎಂದು ಕಾತ್ಯಾಯಿನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಗಂಡ, ಮೈದುನ, ಮಕ್ಕಳು ಎಲ್ಲರೂ ಮಧ್ಯಾಹ್ನ ಮನೆಯಲ್ಲೇ ಊಟಕ್ಕೆ ಕೂತರು, ಮತ್ತೆ ಅವಳು ಒಲೆಯ ಮುಂದೆ ನಿಂತಳು. ಅದರ ಮೇಲೆ ಮಾವ ಕಾಂಪೌಂಡು ಗೋಡೆ ಎತ್ತರಿಸಲು ಮೇಸ್ತ್ರಿಯನ್ನು ಕರೆಸಿ ಮಾತಾಡುತ್ತಿದ್ದರು. ಅವಳು ಒಂದು ಬೆಳಿಗ್ಗೆ ತನ್ನ ಜಗಲಿಯ ತುದಿಗೆ ಬಂದು, ರಸ್ತೆಯ ಈಚೆ ನಮ್ಮ ಅಡುಗೆಮನೆಯ ಕಿಟಕಿಗೆ ಕೇಳುವ ಹಾಗೆ ಕೂಗಿದಳು.

"ಪಂಚಾಕ್ಷರಿ ಮಾವ! ಹಿಟ್ಟು ಹಾಕಿದ ತಕ್ಷಣ ತಿರುವ್ಬೇಡಿ! ಬೇಯೋಕೆ ಬಿಡಿ!"

"ಎಷ್ಟೊತ್ತು?" ಎಂದು ಅಪ್ಪ ಕಿಟಕಿಯಿಂದ ಕೂಗಿದ.

"ನಾನು ಕೈ ಎತ್ತೋವರೆಗೂ!"

ಅವಳು ಕಾಫಿ ಕುಡಿಯುತ್ತ ಕೂತಳು. ಅಪ್ಪ ಕಿಟಕಿಯಲ್ಲಿ ಕೋಲು ಹಿಡಿದು ನಿಂತ. ಕೈ ಎತ್ತಿದಳು, ಅವನು ತಿರುವಿದ. ಅವತ್ತು ಮುದ್ದೆಯಲ್ಲಿ ಗಂಟು ಇರಲಿಲ್ಲ. ಕಂಪೌಂಡರು ಮೊದಲ ತುತ್ತನ್ನು ಅಗಿಯಲು ಹೋದರು. ಅದು ತಾನೇ ಇಳಿದುಹೋಯಿತು. ಗಾಬರಿಯಿಂದ ಅಪ್ಪನನ್ನು ನೋಡಿದರು.

ಆಮೇಲೆ ದಿನಾ ಇದೇ. ಎರಡು ಬೆರಳು ಎತ್ತಿದರೆ ಎರಡು ಚಮಚ ಉಪ್ಪು. ಕೈ ಅಡ್ಡ ಆಡಿಸಿದರೆ ಹುಣಸೆಹುಳಿ ಸಾಕು. ಎರಡೂ ಕೈ ತಲೆಯ ಮೇಲಿಟ್ಟುಕೊಂಡರೆ ಒಗ್ಗರಣೆ ಸೀಯುತ್ತಿದೆ, ಅದರ ವಾಸನೆ ಇಲ್ಲಿಯವರೆಗೂ ಬಂದಿದೆ ಎಂದರ್ಥ. ಊಟದ ಮನೆಯೊಳಗೆ ಉಪ್ಪಿನ ಮಾತು ಆಡಬಾರದು ಎಂದು ಕಟ್ಟಳೆ ಇದೆಯೇ ಹೊರತು, ರಸ್ತೆಯ ಆಚೆಯಿಂದ ಕೈ ಆಡಿಸಬಾರದು ಎಂದಿಲ್ಲ. ಹೆಂಗಸರು ಡಬ್ಬ ತಂದು ಸಾಲಿಗಿಟ್ಟು, ಈ ನಾಟ್ಯ ನೋಡುತ್ತ ನಿಲ್ಲತೊಡಗಿದರು. ಕೆಲವರಂತೂ ಬೀಸಬೇಕಾದ್ದು ಇಲ್ಲದಿದ್ದರೂ ಒಂದು ಸೇರು ರಾಗಿ ಹಿಡಿದುಕೊಂಡು ಬಂದರು. "ಅಯ್ಯೋ ಯಜಮಾನ್ರೇ, ಬೆಳ್ಳುಳ್ಳಿ ಜಜ್ಜಿ ಹಾಕಿ, ಇಡೀದೇ ಹಾಕ್ತಾರಾ ಯಾರಾದ್ರೂ," ಎಂದು ಸಾಲಿನಿಂದಲೇ ಪಾಠ. ಅಮ್ಮ ಬೆಳಿಗ್ಗೆ ಏರಿಸಿದ ಬೆಲ್ಟನ್ನು ಮಧ್ಯಾಹ್ನದವರೆಗೆ ಇಳಿಸಬೇಕಾಗುತ್ತಿರಲಿಲ್ಲ. ಮರಿಸ್ವಾಮಿ ಒಂದು ದಿನ ಮೋಟರಿನ ವಿಷಯ ಕೇಳಲು ಬಂದವನು, ಡಬ್ಬಗಳ ಸಾಲು ನೋಡಿ, ಹಾಗೇ ಬೀದಿಯಲ್ಲಿ ಯಾರನ್ನೋ ಹುಡುಕುವವನಂತೆ ಮುಂದೆ ಹೋದ. ಚಪಾತಿ ಖಾರವಾದ ಹೆಂಗಸು ಮಾತ್ರ ಇವತ್ತಿಗೂ ಬಂದಿಲ್ಲ.

ಎದುರುಮನೆಯ ಎಲೆಗಳೂ ಒಂದೊಂದಾಗಿ ವಾಪಸು ಬಂದವು. ಮಕ್ಕಳ ನೆಗಡಿ ವಾಸಿಯಾಯಿತು. ಗಂಡುಮಕ್ಕಳ ಪರಸ್ಥಳದ ಕೆಲಸ ಮುಗಿಯಿತು. ಮೇಸ್ತ್ರಿ ಗೋಡೆ ಅಳೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅವನನ್ನು ತಡೆದವಳು ಕಾತ್ಯಾಯಿನಿ ಇರಬೇಕು. ನಾನು ಕೇಳಲಿಲ್ಲ.

ಸಂಕ್ರಾಂತಿ ಹತ್ತಿರವಾದಾಗ ಒಂದು ಸಂಜೆ ಕಂಪೌಂಡರು ನಮ್ಮ ಮನೆಗೆ ಬಂದು ಬೆಂಚಿನ ಮೇಲೆ ಕೂತರು. ಕೈಯಲ್ಲಿ ತಟ್ಟೆ ಇರಲಿಲ್ಲ.

"ದಾಕ್ಷಾಯಣಮ್ಮ, ಮಸ್ತಾನ್ ಸಾಹೇಬರ ಹತ್ತಿರ ಮಾತಾಡಿದೀನಿ," ಎಂದರು. "ನನ್ನ ಮಾತಿಗೆ ಒಪ್ಪಿದಾರೆ. ಈ ದೊಡ್ಡ ಮಷೀನು ವಾಪಸು ತಗೊಂಡು ಚಿಕ್ಕದು ಕೊಡ್ತಾರಂತೆ. ನೂಕೋಕೆ ಆಗಲ್ಲ ಅಂದ್ರೆ ನನ್ನ ಮಕ್ಕಳು ಬಂದು ನೂಕ್ತಾರೆ."

"ಯಾಕಣ್ಣ? ಊಟ ಚೆನ್ನಾಗಿಲ್ವಾ?" ಎಂದಳು ಅಮ್ಮ.

"ಅಯ್ಯೋ, ಊಟದ ಮಾತು ನಾನು ಆಡೋ ಹಾಗಿಲ್ಲವಲ್ಲಮ್ಮ." ಅವರು ದನಿ ತಗ್ಗಿಸಿದರು. "ನಮ್ಮ ಮನೆ ಹೆಂಗಸರು ಹಿಮ ಬೀಳದ ದಿನಾನೂ ಒಲೆ ಹಚ್ತಿಲ್ಲ. ಮಧ್ಯಾಹ್ನ ಆದ್ರೆ ನಿಮ್ಮ ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ. ಮೊನ್ನೆ ಅವಲಕ್ಕಿ ನೆನೆಸಿಕೊಂಡು ತಿಂದೆ. ಶಿವರಾತ್ರಿ ಆದಮೇಲೆ ನನ್ನ ಗತಿ ಏನು?"

ಅಮ್ಮನಿಗೆ ಬೇಕಾಗಿದ್ದದ್ದು ಮೊದಲಿಂದಲೂ ಚಿಕ್ಕ ಮಷೀನು. ಈಗ ಅದು ತಾನಾಗಿ ಬಾಗಿಲಿಗೆ ಬಂದಿತ್ತು, ನೂಕಲು ಆಳಿನ ಸಮೇತ. ಅವಳು ಕೈಯ ಹಿಟ್ಟು ಕೊಡವಿಕೊಳ್ಳುತ್ತ ಸ್ವಲ್ಪ ಹೊತ್ತು ಡಬ್ಬಗಳ ಸಾಲಿನ ಕಡೆ ನೋಡಿದಳು. "ಗಿರಣಿ ನಂದು. ಮಷೀನು ಅವರದು. ಅವರನ್ನೇ ಕೇಳಿ," ಎಂದಳು.

ಅಪ್ಪ ಒಳಗಿನಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಮಾತೆಲ್ಲ ಕೇಳಿದ. ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ನಾಳೆಗೆ ಹೆಸರುಕಾಳು ನೆನೆಹಾಕಿಬಿಟ್ಟಿದೀನಿ," ಎಂದ ಕೊನೆಗೆ. "ನೀವು ಹನ್ನೊಂದು, ನಾವು ಮೂರು. ದೊಡ್ಡ ಪಾತ್ರೆ ತುಂಬಾ ಇದೆ. ಮಷೀನು ಕೊಟ್ಟುಬಿಟ್ರೆ ಕಾಳು ಏನ್ ಮಾಡ್ಲಿ?"

ಕಂಪೌಂಡರು ನೆಲ ನೋಡಿದರು. "ಉಸಲಿನೋ, ಸಾರೋ?"

"ಕಟ್ಟಿನ ಸಾರು. ಕಾಳಿನ ಪಲ್ಯ."

"ಕಾಯಿ ಹಾಕ್ತೀಯಾ?"

"ಹಾಕ್ದೆ ಇರ್ತೀನಾ?"

"ಹಂಗಾದ್ರೆ ನಾಳೆ ಒಂದು ದಿನ ಇರ್ಲಿ," ಎಂದು ಕಂಪೌಂಡರು ಎದ್ದರು. "ನಾಡಿದ್ದು ನೋಡೋಣ."

ಮಾರನೆಯ ಬೆಳಿಗ್ಗೆ ಹಿಮವೇ ಬೀಳಲಿಲ್ಲ. ಆಕಾಶ ತೊಳೆದಿಟ್ಟ ತಪ್ಪಲೆಯ ಹಾಗೆ ಹೊಳೆಯುತ್ತಿತ್ತು. ಬೀದಿಯವರು ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸಲು ಶುರುಮಾಡಿದರು. ಅಪ್ಪ ಬಾಗಿಲಿಗೆ ಬಂದು ಮೇಲೆ ನೋಡಿದ, ಒಳಗೆ ಹೋಗಿ ಕಾಳಿನ ಪಾತ್ರೆ ನೋಡಿದ, ಮತ್ತೆ ಹೊರಗೆ ಬಂದ. ಎದುರಿನ ಗೇಟಿನಲ್ಲಿ ಕಂಪೌಂಡರು ಬಿಳಿ ಪಂಚೆ ಉಟ್ಟು ನಿಂತಿದ್ದರು. ಅವರ ಹಿಂದೆ ಜಗಲಿಯ ಮೇಲೆ ಉಳಿದ ಹತ್ತು ಜನ.

ನೀರಿನ ತೊಟ್ಟಿಯ ಹಿಂದೆ, ಬಿಸಿಲು ಬೀಳದ ಮೂಲೆಯಲ್ಲಿ, ನಿನ್ನೆಯದೋ ಮೊನ್ನೆಯದೋ ಒಂದು ಪುಟ್ಟಿಯಷ್ಟು ಕೊಳಕು ಹಿಮ ಉಳಿದಿತ್ತು. ಅಪ್ಪ ಮಷೀನನ್ನು ಅಲ್ಲಿಗೆ ನಡೆಸಿಕೊಂಡು ಹೋದ. ಅದು ಬೀದಿ ನಡುಗುವ ಹಾಗೆ ಗುಡುಗಿ, ಆ ಒಂದು ಪುಟ್ಟಿ ಹಿಮವನ್ನು ನುಂಗಿ, ಅಂಗಳದುದ್ದಕ್ಕೂ ತೂರಿತು. ಅಷ್ಟು ಮೂಲೆಯಿಂದ ತೂರಿದ ಹಿಮ ಎಷ್ಟು ದೂರ ಹೋದೀತು? ಅರ್ಧ ನಮ್ಮ ಅಂಗಳದಲ್ಲೇ ಉದುರಿತು. ಉಳಿದದ್ದು ಗೇಟು ದಾಟಿ, ರಸ್ತೆಯ ಮೇಲೆ, ಎದುರಿನ ಗೋಡೆಯ ಬುಡಕ್ಕೆ ಬಿತ್ತು. ಗೋಡೆಯ ಹೊರಗೆ.

ಸಾಲಿನಲ್ಲಿದ್ದ ಹೆಂಗಸರು ಡಬ್ಬ ಹಿಡಿದುಕೊಂಡೇ ನೋಡಿದರು. ಅಪ್ಪ ಮಷೀನು ನಿಲ್ಲಿಸಿ ಕೈ ಇಳಿಬಿಟ್ಟು ನಿಂತ.

ಕಂಪೌಂಡರು ಗೇಟು ತೆರೆದು ರಸ್ತೆಗೆ ಬಂದರು. ಪುರಸಭೆಯವರು ಯಾರಾದರೂ ಇದ್ದಾರೆಯೇ ಎಂದು ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಬಿದ್ದ ಹಿಮವನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು, ಗೋಡೆಯ ಮೇಲಿಂದ ತಮ್ಮ ಅಂಗಳದೊಳಕ್ಕೆ ಸುರಿದರು. ಆಮೇಲೆ ಕೈ ಕೊಡವಿ, ನಮ್ಮ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಅಪ್ಪನನ್ನು ಬೈದರು.

"ಏನ್ ಪಂಚಾಕ್ಷರಿ, ದಿನಾ ನಮ್ಮ ಅಂಗಳಕ್ಕೇ ತೂರ್ತೀಯಲ್ಲಯ್ಯ, ಬೇರೆ ಮನೆ ಸಿಗಲಿಲ್ವಾ ನಿನಗೆ?"